ಮರೆಹೊಕ್ಕವರು: ಮಹಾಯುದ್ಧಕಾಲದಲ್ಲಿ ಯೆಹೂದ್ಯರಿಗೆ ಆಶ್ರಯವಿತ್ತ ಮುಸಲ್ಮಾನರು

೧. ವಿಷಯಪ್ರವೇಶ

ಬಾದಾಮಿ, ಗುಳೇದಗುಡ್ಡ, ಹುನಗುಂದ, ಇಳಕಲ್ಲುಗಳ ಸೀಮೆಯಲ್ಲಿ ‘ಗುಳೇ’ ಎಂಬ ಮಾತಿಗೆ ಅರ್ಥ ಹೇಳಬೇಕಾದುದಿಲ್ಲ. ಮಳೆ ಕೈಕೊಟ್ಟು ಬೆಳೆ ಒಣಗಿದ ವರುಷ ಮನೆಗೆ ಬೀಗವಿಕ್ಕಿ, ಗಂಟುಮೂಟೆ ಹೊತ್ತು, ಕೂಲಿ ದೊರೆಯುವ ಕಡೆಗೆ ಸಂಸಾರಸಮೇತ ಹೊರಡುವುದೇ ಗುಳೇ. ಆ ಮಾತನ್ನೇ ಹೆಸರಿನಲ್ಲಿ ಹೊತ್ತಂತೆ ತೋರುವ ಊರು ಗುಳೇದಗುಡ್ಡ. ಹೆಸರಿನ ವ್ಯುತ್ಪತ್ತಿ ಹೇಗೇ ಇರಲಿ, ನೆಲೆ ತಪ್ಪಿದವರ ಕಷ್ಟವನ್ನು ಈ ಸೀಮೆಯ ವಿದ್ಯಾರ್ಥಿಗೆ ಪುಸ್ತಕದಿಂದ ಕಲಿಸಬೇಕಾಗಿಲ್ಲವೆಂಬುದಂತೂ ನಿಜ.

ಆದರೆ ಗುಳೇ ಹೋದವನು ಮಳೆ ಬಂದರೆ ಹಿಂದಿರುಗಬಲ್ಲನು. ಅವನ ಊರು ಅವನನ್ನು ಹೊರದೂಡಿದುದಲ್ಲ. ರಾಜ್ಯಶಕ್ತಿಯೇ ಬೆನ್ನಟ್ಟಿ ಬಂದಾಗ, ಹುಟ್ಟಿದ ಮತವೇ ಅಪರಾಧವಾದಾಗ, ಓಡಿದವನ ಪಾಡು ಬೇರೆ. ಅಂಥವನಿಗೆ ನಮ್ಮ ಭಾಷೆಯಲ್ಲಿ ಇನ್ನೊಂದು ಮಾತಿದೆ: ಮರೆಹೊಕ್ಕವನು. ಮರೆಹೊಕ್ಕವನನ್ನು ಕಾಯುವುದು ಅರಸನ ದೊಡ್ಡ ಗುಣವೆಂದು ಎಣಿಸಿದ್ದರಿಂದಲೇ ‘ಶರಣಾಗತವಜ್ರಪಂಜರ’ ಎಂಬ ಬಿರುದು ಕನ್ನಡನಾಡಿನ ಶಾಸನಗಳಲ್ಲಿ ಮೇಲಿಂದ ಮೇಲೆ ಕಾಣಿಸಿಕೊಳ್ಳುತ್ತದೆ.

ಎರಡನೆಯ ಮಹಾಯುದ್ಧದ ಕಾಲದಲ್ಲಿ ನಾಜಿ ಜರ್ಮನಿಯ ಹಿಂಸೆಗೆ ಗುರಿಯಾದ ಯೆಹೂದ್ಯರನ್ನು ಹೀಗೆ ಕಾಯ್ದವರಲ್ಲಿ ಮುಸಲ್ಮಾನರೂ ಇದ್ದರು. ಅವರು ಯಾರು, ಮಾಡಿದುದೇನು, ಏಕೆ ಮಾಡಿದರು, ಅದಕ್ಕೆ ಪ್ರಮಾಣಗಳೆಷ್ಟು ಎಂಬುದನ್ನು ವಿಚಾರಿಸುವುದು ಈ ಲೇಖನದ ಉದ್ದೇಶ. ಈ ವಿಷಯದಲ್ಲಿ ಎರಡು ಬಗೆಯ ಉತ್ಪ್ರೇಕ್ಷೆಗಳು ಪ್ರಚಾರದಲ್ಲಿವೆ. ಮುಸಲ್ಮಾನರೆಂದರೆ ಯೆಹೂದ್ಯರ ಹುಟ್ಟುವೈರಿಗಳು ಎಂಬುದು ಒಂದು. ಮುಸಲ್ಮಾನ ದೇಶಗಳೆಲ್ಲವೂ ಒಟ್ಟಾಗಿ ಅವರನ್ನು ಕಾಪಾಡಿದುವು ಎಂಬುದು ಇನ್ನೊಂದು. ತರಗತಿಯಲ್ಲಿ ಇತಿಹಾಸ ಹೇಳುವವನು ಇವೆರಡರಿಂದಲೂ ದೂರ ನಿಲ್ಲಬೇಕಾಗಿದೆ.

೨. ಹಿಂಸೆಯ ಎರಡು ಘಟ್ಟಗಳು

1933ರ ಜನವರಿಯಲ್ಲಿ ಹಿಟ್ಲರನು ಅಧಿಕಾರಕ್ಕೆ ಬಂದನು. ಅದೇ ವರುಷದ ಏಪ್ರಿಲಿನಲ್ಲಿ ಯೆಹೂದ್ಯರನ್ನು ಸರ್ಕಾರಿ ಹುದ್ದೆಗಳಿಂದಲೂ ವಿಶ್ವವಿದ್ಯಾಲಯಗಳಿಂದಲೂ ತೆಗೆದುಹಾಕುವ ಕಾನೂನು ಹೊರಟಿತು. 1935ರ ನ್ಯೂರೆಂಬರ್ಗ್ ಕಾನೂನುಗಳು ಅವರ ನಾಗರಿಕತ್ವವನ್ನು ಕಿತ್ತುಕೊಂಡವು. 1938ರ ನವೆಂಬರ್ 9ರ ರಾತ್ರಿ ಜರ್ಮನಿಯಾದ್ಯಂತ ಅವರ ಪ್ರಾರ್ಥನಾಮಂದಿರಗಳು ಉರಿದವು, ಅಂಗಡಿಗಳು ಸೂರೆಯಾದವು. 1941ರಲ್ಲಿ ಸಾಮೂಹಿಕ ವಧೆ ಆರಂಭವಾಯಿತು. 1945ರಲ್ಲಿ ಯುದ್ಧ ಮುಗಿಯುವ ವೇಳೆಗೆ ಸುಮಾರು 60 ಲಕ್ಷ ಯೆಹೂದ್ಯರು ಹತರಾಗಿದ್ದರು.

ಈ ಹನ್ನೆರಡು ವರುಷಗಳನ್ನು ಎರಡು ಘಟ್ಟಗಳಾಗಿ ವಿಂಗಡಿಸದಿದ್ದರೆ ‘ಸಹಾಯ’ವೆಂಬ ಮಾತಿನ ಅರ್ಥ ಸ್ಪಷ್ಟವಾಗದು. 1941ರ ಅಕ್ಟೋಬರಿನವರೆಗೆ ಜರ್ಮನಿಯ ಯೆಹೂದ್ಯನು ದೇಶ ಬಿಟ್ಟು ಹೋಗಲು ಅವಕಾಶವಿತ್ತು. ಇಲ್ಲದಿದ್ದುದು ಹೋಗುವುದಕ್ಕೆ ಸ್ಥಳ. 1938ರ ಜುಲೈಯಲ್ಲಿ ಎವಿಯಾನ್ ಎಂಬ ಫ್ರೆಂಚ್ ಊರಿನಲ್ಲಿ 32 ದೇಶಗಳ ಪ್ರತಿನಿಧಿಗಳು ಸೇರಿ ಈ ಪ್ರಶ್ನೆಯನ್ನು ಚರ್ಚಿಸಿದರು. ಮರುಕದ ಮಾತುಗಳನ್ನು ಆಡಿದವರು ಬಹಳ. ಬಾಗಿಲು ತೆರೆದವರು ತೀರ ಕೆಲವರು. ಆ ಘಟ್ಟದಲ್ಲಿ ಪ್ರಾಣ ಉಳಿಸಿದುದೆಂದರೆ ಒಂದು ಪ್ರವೇಶಪತ್ರ, ಒಂದು ಜಾಮೀನು, ಒಂದು ನೌಕರಿಯ ಆಜ್ಞೆ. 1941ರ ಅಕ್ಟೋಬರಿನಲ್ಲಿ ದೇಶ ಬಿಡುವುದನ್ನೂ ನಿಷೇಧಿಸಲಾಯಿತು. ಅಲ್ಲಿಂದ ಮುಂದೆ ಬೇಕಾದುದು ಅಡಗಲು ಒಂದು ಮನೆ, ಬದಲಿ ಹೆಸರು, ಬಾಯಿ ಬಿಡದ ನೆರೆಹೊರೆ. ಮೊದಲ ಘಟ್ಟದಲ್ಲಿ ಸಹಾಯ ಮಾಡಿದವನಿಗೆ ಹೆಚ್ಚೆಂದರೆ ಟೀಕೆಯ ಭಯ, ಎರಡನೆಯದರಲ್ಲಿ ಪ್ರಾಣಭಯ. ಈ ಭೇದವನ್ನು ಮರೆಯಬಾರದು. ಆದರೆ ಮೊದಲ ಘಟ್ಟದಲ್ಲಿ ಬಾಗಿಲು ತೆರೆದುದು ಕಡಿಮೆಯ ಕಾರ್ಯವೆಂದೂ ಭಾವಿಸಬಾರದು. ಆಗ ಬಾಗಿಲು ದೊರೆತವರು ಎರಡನೆಯ ಘಟ್ಟಕ್ಕೆ ಸಿಕ್ಕಿಬೀಳಲಿಲ್ಲವಷ್ಟೆ.

೩. ಮೈಸೂರು ಸಂಸ್ಥಾನದ ನಿದರ್ಶನ

ಮೊದಲ ಘಟ್ಟಕ್ಕೆ ಸೇರಿದ ಒಂದು ನಿದರ್ಶನ ಕನ್ನಡನಾಡಿನಲ್ಲಿಯೇ ಇದೆ. ಅದರ ಕೇಂದ್ರದಲ್ಲಿರುವವರು 1926ರಿಂದ 1941ರವರೆಗೆ ಮೈಸೂರಿನ ದಿವಾನರಾಗಿದ್ದ ಸರ್ ಮಿರ್ಜಾ ಇಸ್ಮಾಯಿಲ್. 1883ರಲ್ಲಿ ಬೆಂಗಳೂರಿನಲ್ಲಿ ಹುಟ್ಟಿದ ಅವರ ಮನೆತನದ ಮೂಲ ಪರ್ಷಿಯಾ. ಅವರ ಅಜ್ಜ ಆಗಾ ಅಲಿ ಆಸ್ಕರ್ ಶಿರಾಜಿನಿಂದ ಬಂದು ಬೆಂಗಳೂರಿನಲ್ಲಿ ಕುದುರೆಯ ವ್ಯಾಪಾರ ಮಾಡಿದವರು. ಅಲಿ ಆಸ್ಕರ್ ರಸ್ತೆಯಲ್ಲಿ ಅವರ ಹೆಸರು ಇಂದಿಗೂ ಉಳಿದಿದೆ. ಮಿರ್ಜಾ ಅವರು ನಾಲ್ವಡಿ ಕೃಷ್ಣರಾಜ ಒಡೆಯರ ಸಹಪಾಠಿಗಳಾಗಿದ್ದು, ಅವರ ವಿಶ್ವಾಸಕ್ಕೆ ಪಾತ್ರರಾಗಿ ದಿವಾನಗಿರಿಗೆ ಏರಿದರು.

ಈ ಕಥೆಯ ಮೊದಲ ಕೊಂಡಿ ಭೌತವಿಜ್ಞಾನಿ ಮ್ಯಾಕ್ಸ್ ಬಾರ್ನ್. 1933ರಲ್ಲಿ ಗೋಟಿಂಗೆನ್ ವಿಶ್ವವಿದ್ಯಾಲಯ ಕೈತಪ್ಪಿದ ಮೇಲೆ ಅವರು ಇಂಗ್ಲೆಂಡಿಗೆ ಹೋಗಿದ್ದರು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ನಿರ್ದೇಶಕರಾಗಿದ್ದ ಸರ್ ಸಿ. ವಿ. ರಾಮನ್ ಅವರನ್ನು ಆಹ್ವಾನಿಸಿದರು. 1935–36ರಲ್ಲಿ ಬಾರ್ನ್ ದಂಪತಿಗಳು ಕೆಲವು ತಿಂಗಳು ಬೆಂಗಳೂರಿನಲ್ಲಿದ್ದರು. ಅವರನ್ನು ಇಲ್ಲಿಯೇ ಕಾಯಂ ಆಗಿ ನಿಲ್ಲಿಸಿಕೊಳ್ಳಬೇಕೆಂಬ ರಾಮನ್ನರ ಪ್ರಯತ್ನ ಸಂಸ್ಥೆಯೊಳಗಿನ ವಿರೋಧದಿಂದ ಫಲಿಸಲಿಲ್ಲ. ಬಾರ್ನ್ 1936ರಲ್ಲಿ ಎಡಿನ್‌ಬರೋ ವಿಶ್ವವಿದ್ಯಾಲಯಕ್ಕೆ ಹೋದರು, 1954ರಲ್ಲಿ ನೊಬೆಲ್ ಪಾರಿತೋಷಕ ಪಡೆದರು. ಆದರೆ ಆ ಕೆಲವು ತಿಂಗಳಲ್ಲಿ ದಿವಾನರೊಡನೆ ಬೆಳೆದ ಪರಿಚಯ ವ್ಯರ್ಥವಾಗಲಿಲ್ಲ.

ಬಾರ್ನರ ಸೋದರಿಯ ಮಗ ಒಟ್ಟೊ ಕೋನಿಗ್ಸ್‌ಬರ್ಗರ್. 1908ರಲ್ಲಿ ಬರ್ಲಿನ್‌ನಲ್ಲಿ ಹುಟ್ಟಿ ಅಲ್ಲಿಯೇ ವಾಸ್ತುವಿದ್ಯೆ ಕಲಿತ ಈ ತರುಣ 1933ರಲ್ಲಿ ಯೆಹೂದ್ಯನೆಂಬ ಕಾರಣಕ್ಕೆ ಕೆಲಸ ಕಳೆದುಕೊಂಡು ಈಜಿಪ್ಟಿಗೆ ಹೋಗಿ, ಅಲ್ಲಿ ಪ್ರಾಚೀನ ಕಟ್ಟಡಗಳ ಸಂಶೋಧನೆಯಲ್ಲಿ ತೊಡಗಿದ್ದನು. 1939ರಲ್ಲಿ ಮಿರ್ಜಾ ಅವರು ಅವನನ್ನು ಮೈಸೂರು ಸರ್ಕಾರದ ವಾಸ್ತುಶಿಲ್ಪಿಯಾಗಿ ಕರೆಸಿಕೊಂಡರು. ಅದು ಯುರೋಪಿನಲ್ಲಿ ಯುದ್ಧ ಸಿಡಿದ ವರುಷ. ಹಿಂದೂ ಅರಸನ ಸಂಸ್ಥಾನದಲ್ಲಿ ಮುಸಲ್ಮಾನ ದಿವಾನರ ಆಜ್ಞೆಯಿಂದ ಯೆಹೂದ್ಯ ತರುಣನೊಬ್ಬನಿಗೆ ನೆಲೆಯೂ ಕೆಲಸವೂ ದೊರೆತವು.

ಆ ಕೆಲಸದ ಫಲ ಇಂದಿಗೂ ಕಣ್ಣಿಗೆ ಬೀಳುತ್ತದೆ. ಭಾರತೀಯ ವಿಜ್ಞಾನ ಸಂಸ್ಥೆಯ ವಿಮಾನಶಾಸ್ತ್ರ ವಿಭಾಗದ ಕಟ್ಟಡ, ಬಸವನಗುಡಿಯ ಕೃಷ್ಣರಾವ್ ಉದ್ಯಾನದ ಮಂಟಪ, ಭದ್ರಾವತಿ ಪಟ್ಟಣದ ಯೋಜನೆ ಇವು ಅವರ ಕೈಯವು. ಜಮಷೇದಪುರದ ವಿಸ್ತರಣ ಯೋಜನೆಯನ್ನೂ 1948ರಲ್ಲಿ ಒರಿಸ್ಸಾದ ಹೊಸ ರಾಜಧಾನಿ ಭುವನೇಶ್ವರದ ಯೋಜನೆಯನ್ನೂ ಅವರು ಸಿದ್ಧಪಡಿಸಿದರು. ಸ್ವಾತಂತ್ರ್ಯಾನಂತರ ದೇಶವಿಭಜನೆಯಿಂದ ಮನೆಮಠ ಕಳೆದುಕೊಂಡವರಿಗೆ ವಸತಿ ಒದಗಿಸಬೇಕಾದಾಗ, ಕೇಂದ್ರ ಸರ್ಕಾರ ತನ್ನ ವಸತಿ ನಿರ್ದೇಶಕರನ್ನಾಗಿ ಇವರನ್ನೇ ನೇಮಿಸಿತು. ತಾನೇ ನೆಲೆ ತಪ್ಪಿ ಬಂದವನು ನೆಲೆ ತಪ್ಪಿದ ಲಕ್ಷಾಂತರ ಜನರ ಮನೆಗಳ ಚಿಂತೆ ಹೊತ್ತನು. 1951ರಲ್ಲಿ ಅವರು ಲಂಡನ್ನಿಗೆ ಹೋಗಿ, ಉಷ್ಣದೇಶಗಳ ವಾಸ್ತುವಿದ್ಯೆಯ ಪ್ರಸಿದ್ಧ ಅಧ್ಯಾಪಕರಾದರು, 1999ರಲ್ಲಿ ತೀರಿಕೊಂಡರು.

ಇಲ್ಲಿ ಒಂದು ಎಚ್ಚರಿಕೆ ಅವಶ್ಯಕ. ಮಿರ್ಜಾ ಅವರು ಈ ನೇಮಕದಿಂದ ಪ್ರಾಣಕ್ಕೆ ಅಪಾಯ ತಂದುಕೊಳ್ಳಲಿಲ್ಲ. ಸಂಸ್ಥಾನಕ್ಕೆ ಒಬ್ಬ ವಾಸ್ತುಶಿಲ್ಪಿ ಬೇಕಾಗಿದ್ದನು; ಊರುಗಳನ್ನು ಅಂದಗೊಳಿಸುವುದು ದಿವಾನರಿಗೆ ಬಹು ಪ್ರಿಯವಾದ ಕೆಲಸವಾಗಿತ್ತು; ಬಂದವನು ಸಮರ್ಥನಾಗಿದ್ದನು. ಆದುದರಿಂದ ಇದನ್ನು ತ್ಯಾಗವೆಂದು ಬಣ್ಣಿಸಿದರೆ ತಪ್ಪಾದೀತು. ಆದರೆ 32 ದೇಶಗಳು ನೆಪಗಳನ್ನು ಹುಡುಕುತ್ತಿದ್ದ ಕಾಲದಲ್ಲಿ ಒಂದು ಸಂಸ್ಥಾನದ ದಿವಾನರು ನೆಪ ಹುಡುಕಲಿಲ್ಲ. ಅಧಿಕಾರ ಕೈಯಲ್ಲಿತ್ತು, ಅದನ್ನು ಬಳಸಿದರು. ಈ ಲೇಖನದಲ್ಲಿ ಮುಂದೆ ಬರುವ ಎಲ್ಲ ನಿದರ್ಶನಗಳನ್ನೂ ಇದೇ ಮಾನದಿಂದ ನೋಡಬಹುದು: ಅವರವರ ಕೈಗೆ ನಿಲುಕಿದುದನ್ನು ಅವರವರು ಮಾಡಿದರೇ?

ಇದೇ ಸಂದರ್ಭದಲ್ಲಿ ದಿಲ್ಲಿಯ ಜಾಮಿಯಾ ಮಿಲ್ಲಿಯಾ ಸಂಸ್ಥೆಯನ್ನು ನೆನೆಯಬಹುದು. ಮುಂದೆ ರಾಷ್ಟ್ರಪತಿಗಳಾದ ಡಾ. ಜಾಕಿರ್ ಹುಸೇನರು ಬರ್ಲಿನ್‌ನಲ್ಲಿ ವಿದ್ಯಾರ್ಥಿಯಾಗಿದ್ದಾಗ ಪರಿಚಿತರಾಗಿದ್ದ ಗೆರ್ಡಾ ಫಿಲಿಪ್ಸ್‌ಬಾರ್ನ್ ಎಂಬ ಯೆಹೂದ್ಯ ಮಹಿಳೆ 1933ರ ಸುಮಾರಿಗೆ ಜಾಮಿಯಾಕ್ಕೆ ಬಂದು, ಅಲ್ಲಿಯ ಮಕ್ಕಳಿಗೆ ‘ಆಪಾ ಜಾನ್’ ಆಗಿ, 1943ರಲ್ಲಿ ಅಲ್ಲಿಯೇ ಮಣ್ಣಾದರು. ಆಕೆ ಬಂದುದು ಮುಖ್ಯವಾಗಿ ಸೇವೆಯ ಹಂಬಲದಿಂದ. ಆದರೂ ತಾಯ್ನಾಡು ಬಾಗಿಲು ಮುಚ್ಚಿದಾಗ ಆಕೆಗೆ ನೆಲೆಯಾದುದು ಮುಸಲ್ಮಾನರು ಕಟ್ಟಿದ ಒಂದು ವಿದ್ಯಾಸಂಸ್ಥೆ.

೪. ಅಲ್ಬೇನಿಯ: ಕೊಟ್ಟ ಮಾತು

ಇನ್ನು ಎರಡನೆಯ ಘಟ್ಟ. ಇಲ್ಲಿ ಬೇಕಾದುದು ದಿವಾನರ ಆಜ್ಞಾಪತ್ರವಲ್ಲ, ಬಡವನ ಅಟ್ಟ. ಇದಕ್ಕೆ ಅತ್ಯಂತ ಸ್ಪಷ್ಟವಾದ ಉದಾಹರಣೆ ಬಾಲ್ಕನ್ ಪರ್ಯಾಯದ್ವೀಪದ ಅಲ್ಬೇನಿಯ. ಅಲ್ಲಿಯ ಜನರಲ್ಲಿ ಬಹುಸಂಖ್ಯಾತರು ಮುಸಲ್ಮಾನರು. ಯುದ್ಧಕ್ಕೆ ಮೊದಲು ಆ ದೇಶದಲ್ಲಿದ್ದ ಯೆಹೂದ್ಯರು ಸುಮಾರು 200. ಯುದ್ಧ ಮುಗಿದಾಗ ಇದ್ದವರು ಸುಮಾರು 2,000. ಜರ್ಮನಿ, ಆಸ್ಟ್ರಿಯ, ಯುಗೊಸ್ಲಾವಿಯಗಳಿಂದ ಓಡಿಬಂದವರು ಅಲ್ಲಿ ಉಳಿದುಕೊಂಡುದೇ ಇದಕ್ಕೆ ಕಾರಣ. ನಾಜಿಗಳು ಆಕ್ರಮಿಸಿದ ದೇಶವೊಂದರಲ್ಲಿ ಯೆಹೂದ್ಯರ ಸಂಖ್ಯೆ ಯುದ್ಧಕಾಲದಲ್ಲಿ ಹೆಚ್ಚಿದುದು ಅತ್ಯಂತ ವಿರಳವಾದ ಸಂಗತಿ.

ಅಲ್ಬೇನಿಯವನ್ನು 1939ರ ಏಪ್ರಿಲಿನಲ್ಲಿ ಇಟಲಿ ಆಕ್ರಮಿಸಿತು. 1943ರ ಸೆಪ್ಟೆಂಬರಿನಲ್ಲಿ ಇಟಲಿ ಶರಣಾಗಲು ಜರ್ಮನ್ ಸೈನ್ಯ ಬಂದಿತು. ಯೆಹೂದ್ಯರ ಪಟ್ಟಿ ಕೊಡಬೇಕೆಂಬ ಜರ್ಮನರ ಬೇಡಿಕೆಯನ್ನು ಅಲ್ಲಿಯ ಅಧಿಕಾರಿಗಳು ಈಡೇರಿಸಲಿಲ್ಲ. ಪಟ್ಟಣಗಳಲ್ಲಿದ್ದವರು ಬೆಟ್ಟದ ಹಳ್ಳಿಗಳಿಗೆ ಸೇರಿಕೊಂಡರು. ಹಳ್ಳಿಗರ ಉಡುಪು ತೊಟ್ಟರು, ಮುಸಲ್ಮಾನ ಹೆಸರುಗಳನ್ನು ಇಟ್ಟುಕೊಂಡರು.

ರೆಫಿಕ್ ವೆಸೆಲಿ ಎಂಬ ಹದಿನೇಳು ವರುಷದ ಹುಡುಗನ ಕಥೆ ಇಲ್ಲಿ ಉಲ್ಲೇಖಾರ್ಹ. ಯುಗೊಸ್ಲಾವಿಯದಿಂದ ಹೆಂಡತಿ ಮತ್ತು ಇಬ್ಬರು ಮಕ್ಕಳೊಡನೆ ಓಡಿಬಂದ ಮೋಶೆ ಮಂದಿಲ್ ಎಂಬ ಛಾಯಾಗ್ರಾಹಕನು ರಾಜಧಾನಿ ತಿರಾನದ ಒಂದು ಛಾಯಾಚಿತ್ರಶಾಲೆಯಲ್ಲಿ ಕೆಲಸಕ್ಕೆ ನಿಂತಿದ್ದನು. ರೆಫಿಕ್ ಅಲ್ಲಿ ಕೆಲಸ ಕಲಿಯುತ್ತಿದ್ದ ಶಿಷ್ಯ. ಜರ್ಮನರು ಬಂದಾಗ ಹುಡುಗನು, ಕ್ರೂಯ ಊರಿನ ಬೆಟ್ಟದಲ್ಲಿದ್ದ ತಂದೆತಾಯಿಗಳ ಒಪ್ಪಿಗೆ ಪಡೆದು, ಗುರುವಿನ ಸಂಸಾರವನ್ನು ತನ್ನ ಮನೆಗೆ ಕರೆದೊಯ್ದನು. ಹಗಲು ಗುಹೆಗಳಲ್ಲಿ ಅಡಗುತ್ತ, ರಾತ್ರಿ ಹೇಸರಗತ್ತೆಗಳ ಮೇಲೆ ಕಲ್ಲುದಾರಿಯಲ್ಲಿ ಅವರು ಪ್ರಯಾಣ ಮಾಡಿದರು. ದೊಡ್ಡವರನ್ನು ಕೊಟ್ಟಿಗೆಯ ಮೇಲಿನ ಕೋಣೆಯಲ್ಲಿ ಬಚ್ಚಿಟ್ಟರು; ಮಕ್ಕಳು ಊರ ಮಕ್ಕಳೊಡನೆ ಬೆರೆತು ಆಡಿದರು. ಇನ್ನೊಂದು ಯೆಹೂದ್ಯ ಕುಟುಂಬವೂ ಅದೇ ಮನೆಯಲ್ಲಿ ಆಶ್ರಯ ಪಡೆದಿತ್ತು. 1944ರ ನವೆಂಬರಿನಲ್ಲಿ ಬಿಡುಗಡೆಯಾಗುವವರೆಗೆ ಸುಮಾರು ಒಂದು ವರುಷ ಇದು ನಡೆಯಿತು. ನೆರೆಯವರಿಗೆ ವಿಷಯ ತಿಳಿದಿತ್ತು. ಒಬ್ಬರೂ ಬಾಯಿ ಬಿಡಲಿಲ್ಲ. ಯುದ್ಧಾನಂತರ ರೆಫಿಕ್ ಯುಗೊಸ್ಲಾವಿಯಕ್ಕೆ ಹೋಗಿ ಮಂದಿಲ್ ಮನೆಯಲ್ಲಿಯೇ ಇದ್ದು ತನ್ನ ವಿದ್ಯೆಯನ್ನು ಪೂರೈಸಿದನು. ಕಾಯ್ದವನು ಅತಿಥಿಯಾದನು, ಅತಿಥಿ ಆತಿಥೇಯನಾದನು.

ಈ ನಡತೆಗೆ ಅಲ್ಬೇನಿಯದವರು ಕೊಡುವ ಹೆಸರು ‘ಬೆಸಾ’. ಕೊಟ್ಟ ಮಾತು, ಅದನ್ನು ಉಳಿಸಿಕೊಳ್ಳುವ ನಿಷ್ಠೆ ಎಂದು ಅದರ ಅರ್ಥ. ಮನೆಯ ಹೊಸ್ತಿಲು ದಾಟಿ ಒಳಬಂದವನನ್ನು ಪ್ರಾಣ ಕೊಟ್ಟಾದರೂ ಕಾಯಬೇಕೆಂಬುದು ಆ ಬೆಟ್ಟದ ಜನರ ಹಳೆಯ ಕಟ್ಟಳೆ. ಕನ್ನಡ ಓದುಗರು ಇದನ್ನು ಸುಲಭವಾಗಿ ಗ್ರಹಿಸಬಲ್ಲರು. ನಮ್ಮ ಹಳೆಯ ಕಾವ್ಯಗಳಲ್ಲಿ ‘ಭಾಷೆ’ ಎಂದರೆ ನುಡಿ ಮಾತ್ರವಲ್ಲ, ಪ್ರತಿಜ್ಞೆಯೂ ಹೌದು. ‘ಭಾಷೆಗೆ ತಪ್ಪುವುದು’ ಎಂದರೆ ಕೊಟ್ಟ ಮಾತಿಗೆ ತಪ್ಪುವುದು. ಎರಡು ಪದಗಳ ಹುಟ್ಟು ಬೇರೆ, ಭಾವ ಒಂದೇ. ಬೆಸಾ ಅಲ್ಲಿಯ ಮುಸಲ್ಮಾನರಿಗೆ ಮಾತ್ರ ಸೇರಿದುದಲ್ಲ, ಕ್ರೈಸ್ತರಿಗೂ ಸೇರಿದುದು. ಹಾಗಿದ್ದರೂ ತಮ್ಮ ಮತಶ್ರದ್ಧೆಯೂ ಬೆಸಾವೂ ಬೇರೆಯಲ್ಲವೆಂದು ಅಲ್ಲಿಯ ಅನೇಕ ಮುಸಲ್ಮಾನ ಕುಟುಂಬಗಳು ಅನಂತರ ಸಾಕ್ಷ್ಯ ಹೇಳಿವೆ.

೫. ಸರಾಯೆವೊ: ನೆರೆಹೊರೆ

ಬಾಸ್ನಿಯಾದ ಸರಾಯೆವೊ ನಗರದ್ದು ಬೇರೊಂದು ಬಗೆ. 1492ರಲ್ಲಿ ಸ್ಪೇನಿನಿಂದ ಹೊರದೂಡಲ್ಪಟ್ಟ ಯೆಹೂದ್ಯರಲ್ಲಿ ಅನೇಕರಿಗೆ ತುರ್ಕರ ಸಾಮ್ರಾಜ್ಯ ಆಶ್ರಯ ಕೊಟ್ಟಿತ್ತು; ಅವರ ಸಂತತಿಯವರು ಸರಾಯೆವೊದಲ್ಲಿ ಮುಸಲ್ಮಾನರ, ಕ್ರೈಸ್ತರ ನೆರೆಯಲ್ಲಿ ಶತಮಾನಗಳಿಂದ ಬಾಳಿದ್ದರು. ಗುಳೇದಗುಡ್ಡದಂಥ ನೆಯ್ಗೆಯ ಊರುಗಳಲ್ಲಿ ನೂಲಿಗೆ ಬಣ್ಣ ಹಾಕುವವನೂ ಖಣ ನೇಯುವವನೂ ಅದನ್ನು ಕೊಂಡು ಮಾರುವವನೂ ಒಬ್ಬರಿಗೊಬ್ಬರು ಬೇಕಾದವರು. ಯಾರ ಮತ ಯಾವುದಾದರೂ ಎಲ್ಲರ ಅನ್ನವೂ ಒಂದೇ ಮಗ್ಗದ ಸುತ್ತ ಇರುತ್ತದೆ. ಸರಾಯೆವೊದ ಬದುಕೂ ಅಂಥದೇ.

1941ರ ಏಪ್ರಿಲಿನಲ್ಲಿ ಜರ್ಮನ್ ವಿಮಾನಗಳು ನಗರದ ಮೇಲೆ ಬಾಂಬು ಹಾಕಿದಾಗ ಯೋಸೆಫ್ ಕಬಿಲ್ಯೊ ಎಂಬ ಯೆಹೂದ್ಯನ ಮನೆ ನಾಶವಾಯಿತು. ಅವನ ವ್ಯಾಪಾರದ ಪರಿಚಯಸ್ಥನಾದ ಮುಸ್ತಫಾ ಹರ್ದಾಗ ಆ ಕುಟುಂಬವನ್ನು ತನ್ನ ಮನೆಗೆ ಕರೆದುತಂದನು. ಪರಪುರುಷರೆದುರು ಪರದೆ ಬಿಡದ ಮನೆತನವದು. ಆದರೂ, ನೀವು ನಮ್ಮ ಅಣ್ಣತಮ್ಮಂದಿರು, ಈ ಮನೆ ನಿಮ್ಮದು ಎಂಬ ಭಾವದಿಂದ ಹೆಂಗಸರು ಅವರನ್ನು ಒಳಗೆ ಬರಮಾಡಿಕೊಂಡರು. ಮನೆಯೆದುರೇ ನಾಜಿ ಗುಪ್ತ ಪೊಲೀಸರ ಕಚೇರಿ. ಮುಸ್ತಫಾನ ಹೆಂಡತಿ ಜೆಯ್ನೆಬಾ ಯೆಹೂದ್ಯ ಗೆಳತಿಯೊಡನೆ ಬೀದಿಯಲ್ಲಿ ನಡೆಯುತ್ತಿರುವ ಆ ಕಾಲದ ಒಂದು ಛಾಯಾಚಿತ್ರ ಉಳಿದುಬಂದಿದೆ. ಗೆಳತಿಯ ತೋಳಿನಲ್ಲಿದ್ದ ಯೆಹೂದ್ಯ ಗುರುತನ್ನು ಜೆಯ್ನೆಬಾ ತನ್ನ ಪರದೆಯ ಸೆರಗಿನಿಂದ ಮರೆಮಾಡಿದ್ದಾಳೆ. ‘ಮರೆ’ ಎಂಬ ಮಾತಿನ ಎರಡರ್ಥಗಳೂ ಆ ಚಿತ್ರದಲ್ಲಿ ಕೂಡಿವೆ.

ಮುಂದೆ ಯೋಸೆಫ್ ಸೆರೆ ಸಿಕ್ಕಾಗ ಜೆಯ್ನೆಬಾ ಅವನಿಗೆ ಗುಟ್ಟಾಗಿ ಊಟ ಮುಟ್ಟಿಸಿದಳು. ಅವನು ತಪ್ಪಿಸಿಕೊಂಡು ಬಂದಾಗ ಮತ್ತೆ ಮನೆಯಲ್ಲಿಟ್ಟುಕೊಂಡರು. ಯುದ್ಧ ಮುಗಿದು ಆ ಕುಟುಂಬ ಹಿಂದಿರುಗಿದಾಗ, ಅವರು ಒಪ್ಪಿಸಿ ಹೋಗಿದ್ದ ಒಡವೆಗಳು ಇಟ್ಟಂತೆಯೇ ಕೈಸೇರಿದವು. ಜೆಯ್ನೆಬಾಳ ತಂದೆ ಅಹ್ಮದ್ ಸಾದಿಕ್ ಮಾತ್ರ ಉಳಿಯಲಿಲ್ಲ. ಯೆಹೂದ್ಯ ಕುಟುಂಬವೊಂದಕ್ಕೆ ಸಹಾಯ ಮಾಡಿ ಸಿಕ್ಕಿಬಿದ್ದು ಯಾಸೆನೊವಾಟ್ಸ್ ಶಿಬಿರದಲ್ಲಿ ಪ್ರಾಣ ತೆತ್ತನು. ಅರ್ಧಶತಮಾನ ಕಳೆದು, 1990ರ ದಶಕದ ಬಾಸ್ನಿಯಾ ಯುದ್ಧದಲ್ಲಿ ಸರಾಯೆವೊ ಮುತ್ತಿಗೆಗೆ ಒಳಗಾದಾಗ ಮುದುಕಿಯಾಗಿದ್ದ ಜೆಯ್ನೆಬಾ ತಾನೇ ಮರೆಹೊಗಬೇಕಾಯಿತು. 1994ರಲ್ಲಿ ಆಕೆಯನ್ನೂ ಆಕೆಯ ಮಗಳ ಸಂಸಾರವನ್ನೂ ಪಾರುಮಾಡಿ ಕರೆಸಿಕೊಂಡುದು ಇಸ್ರೇಲ್.

ಅದೇ ನಗರದ ವಸ್ತುಸಂಗ್ರಹಾಲಯದಲ್ಲಿ ಗ್ರಂಥಪಾಲಕನಾಗಿದ್ದ ದರ್ವಿಶ್ ಕೊರ್ಕುತ್ ಎಂಬ ವಿದ್ವಾಂಸನು ಎರಡನ್ನು ಉಳಿಸಿದನು. ಮೊದಲನೆಯದು ಒಂದು ಪುಸ್ತಕ. ಹದಿನಾಲ್ಕನೆಯ ಶತಮಾನದಲ್ಲಿ ಸ್ಪೇನಿನಲ್ಲಿ ರಚಿತವಾದ, ಯೆಹೂದ್ಯರ ಪಾಸ್ಕ ಹಬ್ಬದಲ್ಲಿ ಓದುವ ಚಿತ್ರಮಯ ಹಸ್ತಪ್ರತಿ ಅದು. ‘ಸರಾಯೆವೊ ಹಗ್ಗದಾ’ ಎಂದು ಪ್ರಸಿದ್ಧ. 1942ರಲ್ಲಿ ಜರ್ಮನ್ ಸೇನಾಪತಿ ಅದನ್ನು ಕೇಳಿಕೊಂಡು ಬಂದಾಗ, ಆಗಲೇ ಬೇರೊಬ್ಬ ಅಧಿಕಾರಿ ಒಯ್ದನೆಂದು ಹೇಳಿ ಕಳುಹಿಸಿ, ಅದನ್ನು ಸುರಕ್ಷಿತ ಸ್ಥಳಕ್ಕೆ ಸಾಗಿಸಿದರು. ಇದರಲ್ಲಿ ಸಂಗ್ರಹಾಲಯದ ಕ್ರೈಸ್ತ ನಿರ್ದೇಶಕನ ಪಾಲೂ ಇದ್ದಿತು. ಎರಡನೆಯದು ಒಂದು ಜೀವ. ಮೀರಾ ಪಾಪೊ ಎಂಬ ಯೆಹೂದ್ಯ ತರುಣಿಯನ್ನು ಕೊರ್ಕುತ್ ದಂಪತಿಗಳು ಅಮೀರಾ ಎಂಬ ಹೆಸರಿನಿಂದ, ಮುಸಲ್ಮಾನ ಮನೆಗೆಲಸದವಳೆಂದು ಹೇಳಿ ತಿಂಗಳುಗಟ್ಟಲೆ ಮನೆಯಲ್ಲಿಟ್ಟುಕೊಂಡರು.

೬. ವೈದ್ಯನ ಪ್ರಮಾಣಪತ್ರ, ರಾಯಭಾರಿಯ ಮುದ್ರೆ

ಹಿಂಸೆಯ ರಾಜಧಾನಿಯಾದ ಬರ್ಲಿನ್‌ನಲ್ಲಿಯೂ ಇಂಥ ಒಬ್ಬರಿದ್ದರು. ಡಾ. ಮೊಹಮ್ಮದ್ ಹೆಲ್ಮಿ ಈಜಿಪ್ಟಿನವರು. 1901ರಲ್ಲಿ ಖಾರ್ಟೂಮಿನಲ್ಲಿ ಹುಟ್ಟಿ, 1922ರಲ್ಲಿ ವೈದ್ಯವಿದ್ಯೆಗಾಗಿ ಬರ್ಲಿನ್ನಿಗೆ ಬಂದವರು. ಆರ್ಯರಲ್ಲವೆಂದು ಅವರನ್ನೂ ಆಸ್ಪತ್ರೆಯ ಕೆಲಸದಿಂದ ತೆಗೆದರು, 1939ರಲ್ಲಿ ಕೆಲಕಾಲ ಸೆರೆಯಲ್ಲಿಟ್ಟರು. ತಾವೇ ಅನುಮಾನಕ್ಕೆ ಗುರಿಯಾಗಿದ್ದರೂ ಅವರು 1942ರಿಂದ ಯುದ್ಧಾಂತ್ಯದವರೆಗೆ ಅನ್ನಾ ಬೋರೋಸ್ ಎಂಬ ಯೆಹೂದ್ಯ ಯುವತಿಯನ್ನು ನಗರದಂಚಿನ ತಮ್ಮ ಗುಡಿಸಲಿನಲ್ಲಿ ಅಡಗಿಸಿದರು. ಆಕೆ ಇಸ್ಲಾಂ ಮತ ಸ್ವೀಕರಿಸಿದಳೆಂಬ ಪತ್ರವನ್ನು ಮಾಡಿಸಿಕೊಟ್ಟರು. ಆಕೆಯ ಅಜ್ಜಿಗೆ ಫ್ರೀಡಾ ಶ್ಟುರ್ಮನ್ ಎಂಬ ಜರ್ಮನ್ ಮಹಿಳೆಯ ಮನೆಯಲ್ಲಿ ನೆಲೆ ದೊರಕಿಸಿದರು.

ಅಧಿಕಾರಪದವಿಯನ್ನು ಬಳಸಿಕೊಂಡವರಲ್ಲಿ ಇಬ್ಬರನ್ನು ಹೆಸರಿಸಬೇಕು. ಪ್ಯಾರಿಸಿನಲ್ಲಿ ಇರಾನಿನ ರಾಯಭಾರ ಕಾರ್ಯದಲ್ಲಿದ್ದ ಅಬ್ದುಲ್ ಹುಸೇನ್ ಸರ್ದಾರಿ, ಇರಾನಿನ ಯೆಹೂದ್ಯರು ಮತದಿಂದ ಮಾತ್ರ ಯೆಹೂದ್ಯರು, ಕುಲದಿಂದಲ್ಲ ಎಂದು ನಾಜಿಗಳ ಕುಲವಾದವನ್ನೇ ಅವರ ವಿರುದ್ಧ ತಿರುಗಿಸಿ ವಾದಿಸಿದರು. ಅನೇಕರಿಗೆ ಇರಾನಿನ ರಹದಾರಿಗಳನ್ನು ಒದಗಿಸಿದರು. ರೋಡ್ಸ್ ದ್ವೀಪದಲ್ಲಿ ತುರ್ಕಿಯ ಪ್ರತಿನಿಧಿಯಾಗಿದ್ದ ಸೆಲಾಹತ್ತಿನ್ ಉಲ್ಕುಮೆನ್, 1944ರ ಜುಲೈಯಲ್ಲಿ ಅಲ್ಲಿಯ ಸುಮಾರು 1,700 ಯೆಹೂದ್ಯರನ್ನು ಆಷ್‌ವಿಟ್ಸ್ ಶಿಬಿರಕ್ಕೆ ಸಾಗಿಸಲು ಹಿಡಿದಾಗ, ತುರ್ಕಿಯ ನಾಗರಿಕರನ್ನೂ ಅವರ ಗಂಡ, ಹೆಂಡತಿ, ಮಕ್ಕಳನ್ನೂ ಬಿಡಲೇಬೇಕೆಂದು ಪಟ್ಟುಹಿಡಿದರು. ನಲವತ್ತಕ್ಕೂ ಹೆಚ್ಚು ಜನ ಉಳಿದರು. ತುರ್ಕಿಯ ನಾಗರಿಕರನ್ನು ಮದುವೆಯಾದವರೂ ತುರ್ಕಿಯವರೇ ಎಂದು ಅವರು ಮುಂದಿಟ್ಟ ಕಾನೂನು ನಿಜವಾಗಿ ಇರಲೇ ಇಲ್ಲವೆಂದು ಉಳಿದವರು ಅನಂತರ ತಿಳಿದರಂತೆ.

೭. ಪ್ರಮಾಣಗಳ ವಿಚಾರ

ಜೆರುಸಲೇಮಿನಲ್ಲಿ 1953ರಲ್ಲಿ ಸ್ಥಾಪಿತವಾದ ಯಾದ್ ವಶೇಮ್ ಎಂಬ ಸ್ಮಾರಕ ಸಂಸ್ಥೆ, ಯೆಹೂದ್ಯರನ್ನು ಕಾಪಾಡಿದ ಅನ್ಯಮತೀಯರನ್ನು 1963ರಿಂದ ಗುರುತಿಸಿ ಗೌರವಿಸುತ್ತಿದೆ. ಪ್ರತಿಫಲ ಬಯಸದೆ, ತನಗೆ ಅಪಾಯ ತಂದುಕೊಂಡು ಸಹಾಯ ಮಾಡಿರಬೇಕು. ಅದಕ್ಕೆ ಸಾಕ್ಷ್ಯವಿರಬೇಕು ಎಂಬುದು ಅದರ ನಿಯಮ. ಹೀಗೆ ಮಾನ್ಯತೆ ಪಡೆದವರು ಒಟ್ಟು 28,000ಕ್ಕೂ ಹೆಚ್ಚು. ಅವರಲ್ಲಿ ಮುಸಲ್ಮಾನರ ಸಂಖ್ಯೆ ಚಿಕ್ಕದು, ಅಲ್ಬೇನಿಯದವರೇ ಅದರಲ್ಲಿ ಹೆಚ್ಚು. ಹರ್ದಾಗ ಕುಟುಂಬಕ್ಕೆ 1984ರಲ್ಲಿ, ವೆಸೆಲಿ ಕುಟುಂಬಕ್ಕೆ 1987ರಲ್ಲಿ, ಉಲ್ಕುಮೆನ್ನರಿಗೆ 1989ರಲ್ಲಿ, ಕೊರ್ಕುತ್ ದಂಪತಿಗಳಿಗೆ 1994ರಲ್ಲಿ, ಡಾ. ಹೆಲ್ಮಿಯವರಿಗೆ 2013ರಲ್ಲಿ ಈ ಗೌರವ ಸಂದಿತು. ಅರಬರಲ್ಲಿ ಹೆಲ್ಮಿಯವರೇ ಮೊದಲಿಗರು. ತುನೀಸಿಯಾದ ಮಹ್ದಿಯ ಪಟ್ಟಣದಲ್ಲಿ ಸುಮಾರು ಎರಡು ಡಜನ್ ಯೆಹೂದ್ಯರನ್ನು ತನ್ನ ಹೊಲಮನೆಯಲ್ಲಿ ಇಟ್ಟು ಕಾಯ್ದ ಖಾಲಿದ್ ಅಬ್ದುಲ್ ವಹಾಬನ ಹೆಸರು 2007ರಲ್ಲಿ ಸೂಚಿತವಾದರೂ, ಅಪಾಯದ ನಿಯಮದ ಪ್ರಶ್ನೆಯಿಂದಾಗಿ ಮಾನ್ಯವಾಗಲಿಲ್ಲ. ನಮ್ಮ ಮಿರ್ಜಾ ಅವರೂ ಈ ನಿಯಮದೊಳಗೆ ಬಾರರು. ನಿಯಮ ಬಿಗಿಯಾಗಿರುವುದು ಯುಕ್ತವೇ. ಆದರೆ ಪದಕದ ಪಟ್ಟಿ ಮುಗಿದಲ್ಲಿ ಇತಿಹಾಸ ಮುಗಿಯುವುದಿಲ್ಲ.

ಪ್ಯಾರಿಸಿನ ದೊಡ್ಡ ಮಸೀದಿಯ ವಿಷಯ ಇನ್ನೂ ಚರ್ಚೆಯಲ್ಲಿದೆ. ಅದರ ಮುಖ್ಯಸ್ಥ ಸಿ ಕದ್ದೂರ್ ಬೆನ್‌ಘಬ್ರಿತ್ ಯೆಹೂದ್ಯರಿಗೆ ಮುಸಲ್ಮಾನರೆಂಬ ಪತ್ರಗಳನ್ನು ಕೊಡಿಸಿದರೆಂದು ಜರ್ಮನರು ಶಂಕಿಸಿದುದು 1940ರ ಫ್ರೆಂಚ್ ಸರ್ಕಾರದ ಕಡತದಲ್ಲಿದೆ. ಗಾಯಕ ಸಲೀಮ್ ಹಲಾಲಿ ಹಾಗೆ ಉಳಿದವನು. ಆದರೆ ಸಾವಿರಾರು ಜನ ಅಲ್ಲಿ ಅಡಗಿದ್ದರೆಂಬ ಮಾತಿಗೆ ದಾಖಲೆಗಳ ಆಧಾರ ಸಾಲದು.

ಇನ್ನೊಂದು ಮುಖವನ್ನೂ ಮುಚ್ಚಿಡುವಂತಿಲ್ಲ. ಜೆರುಸಲೇಮಿನ ಮುಫ್ತಿ ಹಾಜ್ ಅಮೀನ್ ಅಲ್ ಹುಸೇನಿ 1941ರ ನವೆಂಬರಿನಲ್ಲಿ ಹಿಟ್ಲರನನ್ನು ಕಂಡು, ಬರ್ಲಿನ್‌ನಿಂದ ನಾಜಿಗಳ ಪರವಾಗಿ ಪ್ರಚಾರ ಮಾಡಿದನು. 1943ರಲ್ಲಿ ಬಾಸ್ನಿಯಾದ ಮುಸಲ್ಮಾನರನ್ನು ಜರ್ಮನ್ ಪಡೆಗೆ ಸೇರಿಸಲು ನೆರವಾದನು. ಬೆಸಾ ಬಲ್ಲ ಅಲ್ಬೇನಿಯದವರೇ ಇದ್ದ ಜರ್ಮನ್ ಪಡೆಯೊಂದು 1944ರಲ್ಲಿ ಕೊಸೊವೊದ ಪ್ರಿಷ್ಟಿನಾದಲ್ಲಿ 281 ಯೆಹೂದ್ಯರನ್ನು ಹಿಡಿದುಕೊಟ್ಟಿತು. ಇದಕ್ಕೆ ಎದುರಾಗಿ, ಸರಾಯೆವೊದ ಮುಸಲ್ಮಾನ ಮುಖಂಡರು 1941ರ ಅಕ್ಟೋಬರಿನಲ್ಲಿಯೇ ಹಿಂಸಾಚಾರವನ್ನು ಖಂಡಿಸುವ ಬಹಿರಂಗ ನಿರ್ಣಯಕ್ಕೆ ಸಹಿ ಹಾಕಿದ್ದರು. ಒಂದೇ ಮತ, ಒಂದೇ ನುಡಿ, ಒಂದೇ ಪ್ರದೇಶದವರಲ್ಲಿ ಎರಡು ಬಗೆಯವರೂ ಇದ್ದರು.

ಮೈಸೂರಿನ ಸಂಬಂಧದಿಂದ ನೂರ್ ಇನಾಯತ್ ಖಾನರ ಹೆಸರೂ ಈ ವಿಷಯದಲ್ಲಿ ಕೇಳಿಬರುವುದುಂಟು. ಆಕೆಯ ತಂದೆ, ಸೂಫಿ ಗುರು ಇನಾಯತ್ ಖಾನರು, ತಾಯಿಯ ಕಡೆಯಿಂದ ಟಿಪ್ಪೂ ಸುಲ್ತಾನನ ವಂಶಕ್ಕೆ ಸೇರಿದವರೆಂದು ಮನೆತನದ ನಂಬಿಕೆ. ಬ್ರಿಟಿಷರ ಗುಪ್ತ ರೇಡಿಯೊ ಕಾರ್ಯಕರ್ತೆಯಾಗಿ 1943ರ ಜೂನಿನಲ್ಲಿ ಫ್ರಾನ್ಸಿಗೆ ಹೋದ ಆಕೆ ಅದೇ ಅಕ್ಟೋಬರಿನಲ್ಲಿ ಸೆರೆ ಸಿಕ್ಕಿ, 1944ರ ಸೆಪ್ಟೆಂಬರ್ 13ರಂದು ದಾಖೌ ಶಿಬಿರದಲ್ಲಿ ಹತಳಾದಳು. ನಾಜಿಗಳ ವಿರುದ್ಧ ಪ್ರಾಣ ತೆತ್ತ ವೀರಳು ಎಂಬುದು ನಿಸ್ಸಂದೇಹ. ಆದರೆ ಯೆಹೂದ್ಯರಿಗೆ ಆಶ್ರಯ ಕೊಡುವುದು ಆಕೆಗೆ ಒಪ್ಪಿಸಿದ ಕಾರ್ಯವಾಗಿರಲಿಲ್ಲ. ದೊಡ್ಡವರಿಗೆ ಮಾಡದ ಕಾರ್ಯದ ಹೊಗಳಿಕೆಯನ್ನು ಹೊರಿಸುವುದು ಅವರಿಗೆ ಸಲ್ಲಿಸುವ ಗೌರವವಲ್ಲ.

೮. ಉಪಸಂಹಾರ

ಈ ನಿದರ್ಶನಗಳನ್ನು ಒಟ್ಟಿಗಿಟ್ಟು ನೋಡಿದರೆ ಒಂದು ಅಂಶ ಎದ್ದುಕಾಣುತ್ತದೆ. ಇವರಲ್ಲಿ ಬಹುಮಂದಿ ‘ಯೆಹೂದ್ಯ ಜನಾಂಗ’ವನ್ನು ಉಳಿಸಲು ಹೊರಟವರಲ್ಲ. ರೆಫಿಕ್ ಉಳಿಸಿದುದು ತನ್ನ ಗುರುವನ್ನು. ಹರ್ದಾಗ ಉಳಿಸಿದುದು ತನ್ನ ನೆರೆಯವನನ್ನು. ಹೆಲ್ಮಿ ಪರಿಚಯದ ಒಬ್ಬ ಯುವತಿಯನ್ನು. ಉಲ್ಕುಮೆನ್ ತನ್ನ ಕಚೇರಿಯ ರಕ್ಷಣೆಗೆ ಸೇರಿದವರನ್ನು. ಮಿರ್ಜಾ ಕರೆಸಿಕೊಂಡುದು ಪರಿಚಿತರ ಸೋದರಳಿಯನನ್ನು. ಸಂಬಂಧವೊಂದು ಮೊದಲೇ ಇತ್ತು. ಆಪತ್ತು ಬಂದಾಗ ಆ ಸಂಬಂಧದ ಹಂಗನ್ನು ಅವರು ಕಡಿದುಕೊಳ್ಳಲಿಲ್ಲ. ಮನೆಯಿದ್ದವನು ಮನೆ ಕೊಟ್ಟನು, ಮುದ್ರೆಯಿದ್ದವನು ಮುದ್ರೆ ಒತ್ತಿದನು, ಹುದ್ದೆ ಕೊಡಬಲ್ಲವನು ಹುದ್ದೆ ಕೊಟ್ಟನು. ಕೆಲವರಿಗೆ ಮತವೂ, ಕೆಲವರಿಗೆ ಕುಲದ ಕಟ್ಟಳೆಯೂ, ಕೆಲವರಿಗೆ ಅಧಿಕಾರದ ಧರ್ಮವೂ ಇದಕ್ಕೆ ಮಾತು ಒದಗಿಸಿದವು.

ಇದರಿಂದ ಇನ್ನೊಂದು ತೀರ್ಮಾನವೂ ಹೊರಡುತ್ತದೆ. ನೆರೆಹೊರೆಯ ಸಂಬಂಧವೇ ಇಲ್ಲದಿದ್ದರೆ ಕಾಯುವ ಸಂದರ್ಭವೂ ಬಹುಮಟ್ಟಿಗೆ ಇರುತ್ತಿರಲಿಲ್ಲ. ಬೇರೆ ಬೇರೆ ಮತದವರು ಬೇರೆ ಬೇರೆ ಕೇರಿಗಳಲ್ಲಿ ಒಬ್ಬರ ಮುಖ ಒಬ್ಬರು ನೋಡದೆ ಬಾಳುವ ಊರಿನಲ್ಲಿ ಜೆಯ್ನೆಬಾಳಿಗೆ ಆ ಗೆಳತಿ ಎಲ್ಲಿಂದ ದೊರೆಯಬೇಕು? ಒಂದು ಮತದವರೆಲ್ಲರನ್ನೂ ಒಂದೇ ಮಾತಿನಿಂದ ಅಳೆಯುವ ರೂಢಿ ಬಲಿಯುತ್ತಿರುವ ಈ ದಿನಗಳಲ್ಲಿ, ನಮ್ಮ ಕಾಲೇಜುಗಳ ಅಧ್ಯಾಪಕರು ಈ ಪ್ರಶ್ನೆಯನ್ನು ವಿದ್ಯಾರ್ಥಿಗಳ ಮುಂದಿಡಬೇಕು. ಮುಫ್ತಿಯ ಕಥೆಯನ್ನೂ ಹೇಳಲಿ, ಕ್ರೂಯದ ಕೊಟ್ಟಿಗೆಯ ಕಥೆಯನ್ನೂ ಹೇಳಲಿ. ಒಂದನ್ನು ಹೇಳಿ ಇನ್ನೊಂದನ್ನು ಬಿಟ್ಟರೆ ಅದು ಇತಿಹಾಸವಾಗದು.

ಬೆಂಗಳೂರಿಗೆ ಹೋದ ವಿದ್ಯಾರ್ಥಿ ವಿಜ್ಞಾನ ಸಂಸ್ಥೆಯ ವಿಮಾನಶಾಸ್ತ್ರ ವಿಭಾಗದ ಮುಂದೆ ನಿಂತಾಗ, ಆ ಕಟ್ಟಡವನ್ನು ರೂಪಿಸಿದವನು ಯಾರು, ಅವನು ಇಲ್ಲಿಗೆ ಏಕೆ ಬಂದನು, ಕರೆದವರು ಯಾರು ಎಂಬುದನ್ನು ಅರಿತಿರಲಿ. ಗುಳೇದಗುಡ್ಡದ ಹುಡುಗನಿಗೆ ಅದು ತೀರ ಪರಕೀಯವೆಂದು ತೋರಲಾರದು. ಊರು ಬಿಟ್ಟು ಹೊರಟವರಿಗೆ ದಾರಿಯಲ್ಲಿ ತೆರೆದಿರುವ ಒಂದು ಬಾಗಿಲಿನ ಬೆಲೆ ಅವನ ಮನೆಯ ಹಿರಿಯರಿಗೆ ಗೊತ್ತು.